ಮಗುವಿನ ಕೈಗೆ ಮೊದಲ ಕೋವಿ: ಕಂಬಂ ಕಣಿವೆಯ ಮನೆಗಳು ಅರಿತಿರಬೇಕಾದ ಕಾನೂನು

ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿಯೂ ಅದರ ನೆರೆಯ ದಿಂಡಿಗಲ್ ಸೀಮೆಯಲ್ಲಿಯೂ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. ಕಪ್ಪಿಲಿಯರು, ಅನುಪ್ಪರು, ಕನ್ನಡ ದೇವಾಂಗರು ಎಂದು ಅವರನ್ನು ಅಲ್ಲಿಯವರು ಗುರುತಿಸುತ್ತಾರೆ. ಕಾಸರಗೋಡು, ತಾಳವಾಡಿ, ಹೊಸೂರುಗಳ ಮಕ್ಕಳಿಗೆ ದೊರೆತಂತೆ ಅಲ್ಲಿಯ ಮಕ್ಕಳಿಗೆ ಕನ್ನಡ ಶಾಲೆಯ ಭಾಗ್ಯ ಒದಗಲಿಲ್ಲ. ಭಾಷೆ ಉಳಿದದ್ದು ಅಡುಗೆಮನೆಯಲ್ಲಿ, ಹೊಲದಲ್ಲಿ, ದನದ ಕೊಟ್ಟಿಗೆಯಲ್ಲಿ. ಕಂಬಂ ಪಟ್ಟಣದಲ್ಲಿ ಕಪ್ಪಿಲಿಯರು ದೇವರ ಹೆಸರಿನಲ್ಲಿ ಸಾಕಿಕೊಂಡು ಬಂದಿರುವ ತಂಬಿರಾನ್ ದನಗಳ ತೊಳುವಿಗೆ ಮಾಟ್ಟುಪೊಂಗಲ್ ದಿನ ಸುತ್ತಲಿನ ಹಳ್ಳಿಗಳವರೆಲ್ಲ ಬಂದು ಕೈಮುಗಿಯುತ್ತಾರೆ.

ಈ ಕಣಿವೆಯ ಮೂರು ದಿಕ್ಕಿಗೂ ಬೆಟ್ಟ. ಪಶ್ಚಿಮಕ್ಕೆ ಕುಮುಳಿಯ ಘಟ್ಟ ಹತ್ತಿದರೆ ಕೇರಳದ ಪೆರಿಯಾರ್ ಕಾಡು. ದಕ್ಷಿಣ ಮತ್ತು ಪೂರ್ವಕ್ಕೆ ಮೇಘಮಲೆ, ವರುಸನಾಡು. ಉತ್ತರಕ್ಕೆ ಬೋಡಿ, ಕೊರಂಗಣಿ, ಅದರಾಚೆ ಕೊಡೈಕಾನಲ್‌ನ ಮಲೆ. ದ್ರಾಕ್ಷಿಯ ಚಪ್ಪರ ಮುಗಿದಲ್ಲಿ ತೆಂಗು, ತೆಂಗು ಮುಗಿದಲ್ಲಿ ಕುರುಚಲು, ಕುರುಚಲು ಮುಗಿದಲ್ಲಿ ಕಾಡು. ಇಂಥ ಊರುಗಳಲ್ಲಿ ಅಜ್ಜನ ಕಾಲದ ಬೇಟೆಯ ಕಥೆಯಿಲ್ಲದ ಮನೆ ವಿರಳ. ಕೆಲವು ಮನೆಗಳಲ್ಲಿ ಆ ಕಥೆಯ ಜೊತೆಗೆ ಅಜ್ಜನ ಕೋವಿಯೂ ಉಳಿದಿದೆ. ಆದ್ದರಿಂದಲೇ ಹುಡುಗನಿಗೆ ಮೀಸೆ ಚಿಗುರುವ ಹೊತ್ತಿಗೆ ಒಂದು ಮಾತು ಅಲ್ಲಲ್ಲಿ ಹುಟ್ಟಿಕೊಳ್ಳುತ್ತದೆ: ಇವನಿಗೂ ಒಂದು ಕೋವಿ ಹಿಡಿಯುವುದನ್ನು ಕಲಿಸಬಾರದೇಕೆ? ಜಿಂಕೆಗೆ ಯಾವುದು ತಕ್ಕುದು, ಹಗುರವಾದದ್ದು ಯಾವುದು? ಕೈಫೋನಿನ ಪರದೆಯ ಮೇಲೆ ಅಮೆರಿಕದ ಹತ್ತು ವರ್ಷದ ಹುಡುಗ ತನ್ನ ತಂದೆಯ ಪಕ್ಕದಲ್ಲಿ ನಿಂತು ಜಿಂಕೆ ಹೊಡೆದ ದೃಶ್ಯವನ್ನು ಕಂಡ ಮಕ್ಕಳಂತೂ ಈ ಪ್ರಶ್ನೆಯನ್ನು ತಾವೇ ಕೇಳುತ್ತಾರೆ.

ಪ್ರಶ್ನೆ ಮುಗ್ಧವಾದದ್ದು. ಆದರೆ ಭಾರತದಲ್ಲಿ ಅದಕ್ಕೆ ಉತ್ತರ ಹುಡುಕಲು ಹೊರಟ ತಂದೆ ಬಂದೂಕಿನ ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಎರಡು ಕಾಯಿದೆಗಳನ್ನು ಎಡವುತ್ತಾನೆ. ಒಂದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ, ಮತ್ತೊಂದು 1959ರ ಆಯುಧ ಕಾಯಿದೆ.

ಜಿಂಕೆ ಯಾರದು?

ಅಜ್ಜಂದಿರು ಹೇಳುವುದು ಸುಳ್ಳಲ್ಲ. ಅವರ ಕಾಲದಲ್ಲಿ ಬೇಟೆಗೆ ಪರವಾನಗಿ ಸಿಗುತ್ತಿತ್ತು. 1972ರ ಕಾಯಿದೆ ಬಂದ ಮೇಲೂ ಕೆಲವು ವರ್ಗದ ಪ್ರಾಣಿಗಳ ಬೇಟೆಗೆ ಲೈಸೆನ್ಸ್ ಕೊಡುವ ಅವಕಾಶ ಅದೇ ಕಾಯಿದೆಯೊಳಗೆ ಉಳಿದಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನು ಮುಚ್ಚಿತು. ಅಂದಿನಿಂದ ಜಿಂಕೆ, ಕಡವೆ, ಕಾಡುಕುರಿ, ಕೃಷ್ಣಮೃಗ, ಹೊಲದ ಬದುವಿನಲ್ಲಿ ಹಾರಿಹೋಗುವ ಮೊಲ ಸಹ ಬೇಟೆಯಾಡಬಾರದ ಪ್ರಾಣಿಗಳೇ. 2022ರ ತಿದ್ದುಪಡಿಯಲ್ಲಿ ಪಟ್ಟಿಗಳ ಸಂಖ್ಯೆ ಬದಲಾಯಿತು, ದಂಡ ಹೆಚ್ಚಿತು, ನಿಷೇಧ ಸಡಿಲವಾಗಲಿಲ್ಲ.

‘ಬೇಟೆ’ ಎಂಬ ಪದಕ್ಕೆ ಕಾಯಿದೆ ಕೊಟ್ಟಿರುವ ಅರ್ಥ ಆಡುಮಾತಿನ ಅರ್ಥಕ್ಕಿಂತ ಬಹಳ ಅಗಲವಾದದ್ದು. ಕೊಲ್ಲುವುದಷ್ಟೇ ಬೇಟೆಯಲ್ಲ. ವಿಷವಿಡುವುದು, ಉರುಳು ಹಾಕುವುದು, ಬಲೆ ಬೀಸುವುದು, ನಾಯಿ ಬಿಟ್ಟು ಅಟ್ಟುವುದು, ಸದ್ದು ಮಾಡಿ ಸೋಹುವುದು, ಆಮಿಷವಿಟ್ಟು ಕರೆಯುವುದು, ಗಾಯಗೊಳಿಸುವುದು, ಹಕ್ಕಿಯ ಮೊಟ್ಟೆ ಕದಡುವುದು, ಇವುಗಳಲ್ಲಿ ಯಾವುದಕ್ಕೆ ಪ್ರಯತ್ನಿಸಿದರೂ ಅದು ಬೇಟೆಯೇ. ಪ್ರಯತ್ನಕ್ಕೂ ಕುಮ್ಮಕ್ಕಿಗೂ ಅಪರಾಧಕ್ಕೆ ಇರುವಷ್ಟೇ ಶಿಕ್ಷೆಯೆಂದು ಕಾಯಿದೆಯ 52ನೆಯ ಕಲಮು ಹೇಳುತ್ತದೆ. ಗುಂಡು ಗುರಿ ತಪ್ಪಿತು, ಜಿಂಕೆ ಓಡಿಹೋಯಿತು, ಆದ್ದರಿಂದ ಏನೂ ಆಗಲಿಲ್ಲ ಎಂಬ ವಾದ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ.

ದಂಡನೆಯ ಪ್ರಮಾಣ ಪ್ರಾಣಿಯನ್ನೂ ಸ್ಥಳವನ್ನೂ ನೋಡಿಕೊಂಡು ಬದಲಾಗುತ್ತದೆ. ಸಾಮಾನ್ಯವಾಗಿ 3 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. ಮೊದಲನೆಯ ಪಟ್ಟಿಯ ಪ್ರಾಣಿಯಾದರೆ, ಅಥವಾ ಬೇಟೆ ನಡೆದದ್ದು ಅಭಯಾರಣ್ಯದೊಳಗಾದರೆ, 3 ವರ್ಷಕ್ಕೆ ಕಡಿಮೆಯಿಲ್ಲದೆ 7 ವರ್ಷದವರೆಗೆ ಸೆರೆ, ಜೊತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಈ ಅಪರಾಧಕ್ಕೆ ಬಳಸಿ ವಶವಾದ ಕೋವಿ, ಬಲೆ, ವಾಹನಗಳೆಲ್ಲ ಸರಕಾರದ ಸ್ವತ್ತು. ಸಾಲ ಮಾಡಿ ಕೊಂಡ ಬೈಕು ಒಂದು ರಾತ್ರಿಯ ಮಾಂಸದಾಸೆಗೆ ಕೈಬಿಟ್ಟುಹೋಗುವುದೆಂದರೆ ಇದೇ. ಶಿಕ್ಷೆಯಾದವನ ಕೋವಿಯ ಪರವಾನಗಿಯನ್ನು ರದ್ದುಪಡಿಸಿ, ಮುಂದಿನ 5 ವರ್ಷ ಅವನಿಗೆ ಪರವಾನಗಿ ಸಿಗದಂತೆ ಮಾಡುವ ಅಧಿಕಾರವೂ ನ್ಯಾಯಾಲಯಕ್ಕಿದೆ.

ಹಿಂದಿ ಚಿತ್ರನಟ ಸಲ್ಮಾನ್ ಖಾನ್ ಅವರ ಕೃಷ್ಣಮೃಗದ ಮೊಕದ್ದಮೆಯನ್ನು ಎಲ್ಲರೂ ಬಲ್ಲರು. ಘಟನೆ 1998ರದು, ಜೋಧಪುರದ ವಿಚಾರಣಾ ನ್ಯಾಯಾಲಯ 5 ವರ್ಷ ಶಿಕ್ಷೆ ವಿಧಿಸಿದ್ದು 2018ರಲ್ಲಿ. ಅದರ ಮೇಲೆ ಮೇಲ್ಮನವಿ ಹೋಯಿತು. ಇಪ್ಪತ್ತು ವರ್ಷ ದೊಡ್ಡ ವಕೀಲರನ್ನಿಟ್ಟು ಮೊಕದ್ದಮೆ ನಡೆಸುವ ಶಕ್ತಿ ಆ ನಟನಿಗಿತ್ತು. ಬೋಡಿ ಬೆಟ್ಟದ ಬುಡದಲ್ಲಿ ಎರಡೆಕರೆ ಮಾಡುವವನಿಗೆ ನಾಲ್ಕು ವಾಯಿದೆಗೆ ಬಸ್ಸಿನ ಖರ್ಚೇ ಭಾರ.

ಇಪ್ಪತ್ತೊಂದರ ಗೆರೆ

ಬೇಟೆಯ ಮಾತನ್ನು ಬದಿಗಿಟ್ಟು ಕೋವಿಯ ಮಾತನ್ನಷ್ಟೇ ತೆಗೆದುಕೊಂಡರೂ ಮಗುವಿನ ಕೈಗೆ ಅದು ಬರುವಂತಿಲ್ಲ. ಆಯುಧ ಕಾಯಿದೆಯ 9ನೆಯ ಕಲಮಿನ ಪ್ರಕಾರ 21 ವರ್ಷ ತುಂಬದ ಯಾರೂ ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ಪಡೆಯಬಾರದು, ಇಟ್ಟುಕೊಳ್ಳಬಾರದು, ಹೊತ್ತು ತಿರುಗಬಾರದು. ಮೊದಲು ಈ ಮಿತಿ 16 ಆಗಿತ್ತು. 1983ರ ತಿದ್ದುಪಡಿ ಅದನ್ನು 21ಕ್ಕೆ ಏರಿಸಿತು. ‘ನಮ್ಮ ಅಪ್ಪ ಹದಿನೇಳಕ್ಕೇ ಲೈಸೆನ್ಸ್ ತೆಗೆದಿದ್ದರು’ ಎಂದು ಹಿರಿಯರೊಬ್ಬರು ಹೇಳಿದರೆ ಅದು ನಿಜವೇ ಇರಬಹುದು, ಆದರೆ ಅದು ಬೇರೆ ಕಾಲದ ಕಾನೂನು. ಮತ ಹಾಕುವ ವಯಸ್ಸು 18, ವಾಹನ ನಡೆಸುವ ವಯಸ್ಸು 18. ಕೋವಿಗೆ ಮಾತ್ರ ಇನ್ನೂ ಮೂರು ವರ್ಷ ಕಾಯಬೇಕು. ಶಾಸನ ಮಾಡಿದವರು ಇದನ್ನು ತಿಳಿದೇ ಮಾಡಿದ್ದಾರೆ.

ಇಲ್ಲಿ ಹಲವರು ಒಂದು ಉಪಾಯವನ್ನು ಮುಂದಿಡುತ್ತಾರೆ. ಕೋವಿ ತಂದೆಯ ಹೆಸರಿನಲ್ಲಿಯೇ ಇರಲಿ, ಮಗ ಅದನ್ನು ಪಕ್ಕದಲ್ಲಿ ನಿಂತು ಹಿಡಿಯಲಿ, ತಂದೆ ಎದುರಿಗೇ ಇರುವಾಗ ತಪ್ಪೇನು? ಈ ವಾದಕ್ಕೆ ಆಧಾರವೂ ಒಂದಿದೆ. ಪರವಾನಗಿದಾರನ ಸಮ್ಮುಖದಲ್ಲಿ ಅಥವಾ ಅವನ ಲಿಖಿತ ಅನುಮತಿಯಿಂದ ಬೇರೊಬ್ಬ ಕೋವಿಯನ್ನು ಒಯ್ಯಬಹುದು ಎಂದು 3ನೆಯ ಕಲಮಿನ ವಿನಾಯಿತಿ ಹೇಳುತ್ತದೆ. ಆದರೆ ಆ ವಿನಾಯಿತಿ ಮೂರು ಕೆಲಸಗಳಿಗೆ ಮಾತ್ರ: ರಿಪೇರಿಗೆ, ಲೈಸೆನ್ಸ್ ನವೀಕರಣಕ್ಕೆ, ಪರವಾನಗಿದಾರನೇ ಬಳಸಲಿಕ್ಕೆ. ಮಗ ಗುಂಡು ಹೊಡೆಯಲಿಕ್ಕೆ ಎಂದು ಅಲ್ಲಿಲ್ಲ. ಅದಕ್ಕಿಂತ ಮುಖ್ಯವಾಗಿ, 9ನೆಯ ಕಲಮು ಹಿಂದಿನ ಕಲಮುಗಳಲ್ಲಿ ಏನೇ ಹೇಳಿದ್ದರೂ ಅದನ್ನು ಮೀರಿ ನಿಲ್ಲುತ್ತದೆ. 3ನೆಯ ಕಲಮಿನ ವಿನಾಯಿತಿ 21 ತುಂಬಿದವನಿಗೆ ಒದಗೀತು. ಹದಿಮೂರರ ಹುಡುಗನಿಗೆ ಒದಗದು. ಗೊತ್ತಿದ್ದೂ ಅಂಥವನ ಕೈಗೆ ಕೋವಿ ಕೊಡುವುದು ಕೊಟ್ಟವನ ಅಪರಾಧವಾಗುತ್ತದೆ.

ಅಂಗಡಿಯ ಕೋವಿಯ ಕಥೆ ಇಷ್ಟು. ಕಳ್ಳದಾರಿಯಲ್ಲಿ ಸಿಗುವ ನಾಡಕೋವಿಯ ಕಥೆ ಇನ್ನೂ ಭಯಂಕರ. ನೀರಿನ ಪೈಪಿಗೆ ಮರದ ಹಿಡಿ ಕೂಡಿಸಿ, ಪಟಾಕಿಯ ಮದ್ದನ್ನೂ ಸೈಕಲ್ಲಿನ ಬೇರಿಂಗ್ ಗುಂಡುಗಳನ್ನೂ ತುಂಬಿ ಹೊಡೆಯುವ ಆ ಸಾಧನ, ಹೊಡೆದವನ ಮುಖಕ್ಕೇ ಸಿಡಿಯುವುದುಂಟು. ನಳಿಗೆ ಯಾವ ಒತ್ತಡಕ್ಕೆ ಒಡೆಯುತ್ತದೆಂದು ಅದನ್ನು ಮಾಡಿದವನೇ ಅರಿಯ. 2019ರ ತಿದ್ದುಪಡಿಯ ನಂತರ ಪರವಾನಗಿಯಿಲ್ಲದೆ ಬಂದೂಕು ತಯಾರಿಸುವುದಕ್ಕೂ ಮಾರುವುದಕ್ಕೂ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆಯಿದೆ.

ಟಾರ್ಚು ಹಿಡಿದ ಹುಡುಗ

ಬಹುಪಾಲು ಮನೆಗಳಲ್ಲಿ ಮಗುವಿಗೆ ಕೋವಿ ಕೊಡಿಸುವ ಯೋಚನೆಯೇ ಇರುವುದಿಲ್ಲ. ಆಗುವುದು ಬೇರೆ. ದೊಡ್ಡಪ್ಪನೋ ಮಾವನೋ ರಾತ್ರಿ ಕಾಡಂಚಿಗೆ ಹೊರಡುವಾಗ ‘ಬಾರೋ ಮರಿ, ಟಾರ್ಚು ಹಿಡಿ’ ಎಂದು ಹುಡುಗನನ್ನು ಕರೆದೊಯ್ಯುತ್ತಾರೆ. ಹುಡುಗನಿಗೆ ಅದು ಹಬ್ಬ. ಬೆಳಕಿಗೆ ಕಣ್ಣು ಕುಕ್ಕಿ ನಿಂತ ಜಿಂಕೆಯನ್ನು ತೋರಿಸುವವನು ಅವನೇ. ಬಿದ್ದ ಮೇಲೆ ಓಡಿಹೋಗಿ ಕಾಲು ಹಿಡಿದೆಳೆಯುವವನೂ ಅವನೇ. ದಿಂಡಿಗಲ್, ಮದುರೆಗಳ ಕಡೆ ಕೆಲವು ಹಳ್ಳಿಗಳಲ್ಲಿ ದೇವರ ಹೆಸರಿನಲ್ಲಿ ನಡೆಯುವ ಪಾರಿವೇಟೈ ಎಂಬ ಮೊಲದ ಬೇಟೆಗೂ ಮಕ್ಕಳು ದೊಣ್ಣೆ ಹಿಡಿದು ಸಾಲುಗಟ್ಟಿ ಹೋಗುವ ರೂಢಿಯಿತ್ತು. ಅರಣ್ಯ ಇಲಾಖೆ ಎಚ್ಚರಿಕೆ ನೀಡುತ್ತ ಬಂದ ಮೇಲೆ ಹಲವೆಡೆ ಅದು ಸಂಕೇತವಾಗಿ ಮಾತ್ರ ಉಳಿದಿದೆ.

ಅರಣ್ಯ ಸಿಬ್ಬಂದಿ ಆ ಗುಂಪನ್ನು ಹಿಡಿದಾಗ ಟಾರ್ಚು ಹಿಡಿದವನೂ ಆರೋಪಿಗಳ ಪಟ್ಟಿಯಲ್ಲಿ ಬರುತ್ತಾನೆ. ಅವನಿಗೆ 18 ತುಂಬಿಲ್ಲವಾದರೆ ಪ್ರಕರಣ ಮಕ್ಕಳ ನ್ಯಾಯ ಮಂಡಳಿಯ ಮುಂದೆ ಹೋಗುತ್ತದೆ. 2015ರ ಬಾಲನ್ಯಾಯ ಕಾಯಿದೆ ಮಗುವಿನ ವಿಷಯದಲ್ಲಿ ಉದಾರವಾಗಿದೆ; ಅವನನ್ನು ತಿದ್ದುವುದೇ ಅದರ ಗುರಿ, ಹೆಸರನ್ನು ಪತ್ರಿಕೆಗಳಲ್ಲಿ ಪ್ರಕಟಿಸುವಂತಿಲ್ಲ, ಮುಂದೆ ಉದ್ಯೋಗಕ್ಕೆ ಅದು ಕಳಂಕವಾಗದಂತೆ ಸಾಮಾನ್ಯವಾಗಿ ನೋಡಿಕೊಳ್ಳಲಾಗುತ್ತದೆ. ಆದರೂ ಹತ್ತನೆಯ ತರಗತಿಯ ಪರೀಕ್ಷೆಯ ತಿಂಗಳಲ್ಲಿ ತಂದೆತಾಯಿಯ ಜೊತೆ ಮಂಡಳಿಯ ಬಾಗಿಲಲ್ಲಿ ಕುಳಿತ ಹುಡುಗನ ಮನಸ್ಸನ್ನು ಯಾವ ಕಾಯಿದೆಯೂ ಕಾಪಾಡಲಾರದು.

ಕರೆದೊಯ್ದ ಹಿರಿಯನಿಗೆ ಕಾನೂನು ಉದಾರವಾಗಿಲ್ಲ. ಮಕ್ಕಳನ್ನು ಕಾನೂನುಬಾಹಿರ ಕೆಲಸಕ್ಕೆ ಬಳಸಿದ ವಯಸ್ಕನಿಗೆ ಬಾಲನ್ಯಾಯ ಕಾಯಿದೆಯ 83ನೆಯ ಕಲಮಿನಂತೆ 7 ವರ್ಷದವರೆಗೆ ಕಠಿಣ ಸೆರೆ ಮತ್ತು 5 ಲಕ್ಷ ರೂಪಾಯಿ ದಂಡ ವಿಧಿಸಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 95ನೆಯ ಕಲಮು ಅಪರಾಧಕ್ಕಾಗಿ ಮಗುವನ್ನು ತೊಡಗಿಸಿದವನಿಗೆ 3ರಿಂದ 10 ವರ್ಷ ಸೆರೆ ಎನ್ನುತ್ತದೆ. ಇವೆಲ್ಲ ಬೇಟೆಯ ಶಿಕ್ಷೆಯ ಮೇಲೆ ಸೇರುವಂಥವು. ಮಾವನ ಪ್ರೀತಿಯ ಕರೆಗೆ ಇಷ್ಟು ಬೆಲೆಯೆಂದು ಕಣಿವೆಯ ಎಷ್ಟು ಮನೆಗಳಿಗೆ ಗೊತ್ತು?

ಹತ್ತು ಕಿಲೋಮೀಟರಿನ ವೃತ್ತ

ಕಂಬಂ ಕಣಿವೆಗೆ ಮಾತ್ರ ವಿಶೇಷವಾಗಿ ತಟ್ಟುವ ಒಂದು ನಿಯಮವಿದೆ. ಅಭಯಾರಣ್ಯದ ಒಳಗೆ ಅಥವಾ ಅದರಿಂದ 10 ಕಿಲೋಮೀಟರ್ ಒಳಗೆ ವಾಸಿಸುವ ಕೋವಿಯ ಪರವಾನಗಿದಾರರು, ಅಭಯಾರಣ್ಯ ಘೋಷಣೆಯಾದ ಮೂರು ತಿಂಗಳೊಳಗೆ ತಮ್ಮ ಹೆಸರನ್ನು ವನ್ಯಜೀವಿ ಅಧಿಕಾರಿಯಲ್ಲಿ ನೋಂದಾಯಿಸಿಕೊಳ್ಳಬೇಕು ಎಂದು ವನ್ಯಜೀವಿ ಕಾಯಿದೆಯ 34ನೆಯ ಕಲಮು ವಿಧಿಸುತ್ತದೆ. ಆ ವೃತ್ತದೊಳಗೆ ಹೊಸ ಪರವಾನಗಿ ಬೇಕಾದರೆ ರಾಜ್ಯದ ಮುಖ್ಯ ವನ್ಯಜೀವಿ ಪಾಲಕರ ಪೂರ್ವಸಮ್ಮತಿ ಬೇಕು.

ಈಗ ನಕಾಶೆಯನ್ನು ನೋಡಬೇಕು. ಪೆರಿಯಾರ್ ಅಭಯಾರಣ್ಯ 1950ರಿಂದ ಇದೆ. 1978ರಲ್ಲಿ ಅದು ಹುಲಿ ಮೀಸಲು ಪ್ರದೇಶವಾಯಿತು. ಮೇಘಮಲೆ ಅಭಯಾರಣ್ಯ ಘೋಷಣೆಯಾದದ್ದು 2012ರಲ್ಲಿ, ತೇನಿ-ದಿಂಡಿಗಲ್‌ಗಳಲ್ಲಿ ಹರಡಿದ ಕೊಡೈಕಾನಲ್ ಅಭಯಾರಣ್ಯ 2013ರಲ್ಲಿ. 2021ರಲ್ಲಿ ಶ್ರೀವಿಲ್ಲಿಪುತ್ತೂರು-ಮೇಘಮಲೆ ಹುಲಿ ಮೀಸಲು ಪ್ರದೇಶ ಬಂದಿತು. ತಮಿಳುನಾಡಿನಲ್ಲಿ ಅದು ಐದನೆಯದು. ಹೀಗೆ ಎರಡು ದಶಕದ ಹಿಂದೆ ಬರಿಯ ‘ರಿಸರ್ವ್ ಕಾಡು’ ಆಗಿದ್ದ ಬೆಟ್ಟಗಳಲ್ಲಿ ಬಹಳಷ್ಟು ಈಗ ಅಭಯಾರಣ್ಯಗಳಾಗಿವೆ. ಕಾಡಿನ ಹೆಸರು ಬದಲಾದದ್ದು ಗೆಜೆಟ್ಟಿನಲ್ಲಿ. ಕೆಳಗಿನ ಹಳ್ಳಿಗಳಲ್ಲಿ ಹಿರಿಯರ ನಾಲಿಗೆಯ ಮೇಲೆ ಅದು ಇನ್ನೂ ಹಳೆಯ ಕಾಡೇ. ಪರವಾನಗಿಯುಳ್ಳ ಕೋವಿಯನ್ನು ಹೆಗಲಿಗೇರಿಸಿಕೊಂಡು, ಬೇಟೆಯ ಯೋಚನೆಯಿಲ್ಲದೆಯೇ, ಹಳೆಯ ಕಾಲುದಾರಿಯಲ್ಲಿ ಅಭಯಾರಣ್ಯದ ಗಡಿ ದಾಟಿದರೂ ಅನುಮತಿಯಿಲ್ಲದೆ ಆಯುಧದೊಡನೆ ಒಳಹೊಕ್ಕ ಅಪರಾಧವಾಗುತ್ತದೆ.

ಕಾಡುಪ್ರಾಣಿಗಳೂ ಗಡಿ ದಾಟಿ ಬರುತ್ತವೆ ಎಂಬುದನ್ನು ಕಂಬಂ ಜನರಿಗೆ ಯಾರೂ ಹೇಳಬೇಕಿಲ್ಲ. 2023ರ ಮೇ ತಿಂಗಳಲ್ಲಿ ಅರಿಕೊಂಬನ್ ಎಂಬ ಆನೆ ಪಟ್ಟಣದ ಬೀದಿಗಳಲ್ಲಿ ಓಡಾಡಿದಾಗ ಜನ ಮನೆಬಾಗಿಲು ಹಾಕಿಕೊಂಡು ಕುಳಿತಿದ್ದರು. ಹಂದಿ, ಆನೆಗಳಿಂದ ಬೆಳೆ ಕಳೆದುಕೊಂಡ ರೈತನ ಸಿಟ್ಟು ನ್ಯಾಯವಾದದ್ದೇ. ಬೆಳೆ ರಕ್ಷಣೆಗೆಂದು ಕೇಪಿನ ಕೋವಿಗೆ ಪರವಾನಗಿ ಕೇಳುವ ಹಕ್ಕನ್ನು ಆಯುಧ ಕಾಯಿದೆಯೇ ಕೊಟ್ಟಿದೆ. ಆದರೆ ಆ ಕೋವಿ ಹೆದರಿಸಲಿಕ್ಕೆ; ಕೊಲ್ಲಲು ಬೇರೆ ಅಪ್ಪಣೆ ಬೇಕು. ಕಾಸರಗೋಡಿನ ಓದುಗರಿಗೆ ನೆನಪಿರುವಂತೆ, ಕೇರಳ ಸರಕಾರ 2022ರಲ್ಲಿ ಕಾಡುಹಂದಿಯ ಮಟ್ಟಿಗೆ ಪಂಚಾಯತಿ ಅಧ್ಯಕ್ಷರಿಗೆ ಅಪ್ಪಣೆ ಕೊಡುವ ಅಧಿಕಾರ ನೀಡಿತು. ತಮಿಳುನಾಡು 2025ರ ಆರಂಭದಲ್ಲಿ ಮೀಸಲು ಕಾಡಿನಿಂದ 3 ಕಿಲೋಮೀಟರ್ ಆಚೆ ಬಂದ ಹಂದಿಗಳನ್ನು ಅರಣ್ಯ ಸಿಬ್ಬಂದಿಯೇ ಗುಂಡಿಟ್ಟು ಕೊಲ್ಲುವ ವ್ಯವಸ್ಥೆ ಮಾಡಿತು. ಎರಡರಲ್ಲಿಯೂ ಜಿಂಕೆಯ ಮಾತಿಲ್ಲ, ಮಕ್ಕಳ ಮಾತಂತೂ ಇಲ್ಲವೇ ಇಲ್ಲ.

ಕೊಡಗಿನ ಉದಾಹರಣೆ

ಕನ್ನಡ ನಾಡಿನಲ್ಲಿ ಕೋವಿಯ ಮಾತು ಬಂದರೆ ಕೊಡಗು ನೆನಪಾಗದೆ ಇರದು. ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಗುಂಡು ಹಾರಿಸುವ, ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಹೂವಿಟ್ಟು ಪೂಜಿಸುವ ಆ ಸಂಪ್ರದಾಯ ಪ್ರಸಿದ್ಧ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದಿದೆ. ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟು 2021ರಲ್ಲಿ ತಳ್ಳಿಹಾಕಿತು. ಈ ವಿನಾಯಿತಿಯನ್ನು ತೋರಿಸಿ ‘ಅವರಿಗುಂಟು, ನಮಗೇಕಿಲ್ಲ?’ ಎನ್ನುವವರು ಒಂದನ್ನು ಗಮನಿಸಬೇಕು: ಅದು ಕೋವಿ ಇಟ್ಟುಕೊಳ್ಳಲು ಕೊಟ್ಟ ವಿನಾಯಿತಿ, ಜಿಂಕೆ ಹೊಡೆಯಲು ಕೊಟ್ಟದ್ದಲ್ಲ. ವನ್ಯಜೀವಿ ಕಾಯಿದೆ ಮಡಿಕೇರಿಯಲ್ಲಿಯೂ ಕಂಬಂನಲ್ಲಿಯೂ ಒಂದೇ. ಇಂದು ಕೊಡಗಿನ ಹಬ್ಬಗಳಲ್ಲಿ ಗುರಿಕಾರರ ಕೈಚಳಕ ಪ್ರಕಟವಾಗುವುದು ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಯ ಮೇಲೆ.

ಬೇಟೆಯನ್ನು ಹಿರಿದೆಂದು ಕಂಡ ಪರಂಪರೆ ಕನ್ನಡಕ್ಕೆ ಹೊಸದಲ್ಲ. ಹತ್ತನೆಯ ಶತಮಾನದ ಆತಕೂರು ಶಾಸನವು ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲು. ಅಂದಿನ ಕಾಡಿನ ವಿಸ್ತಾರವೇ ಬೇರೆ, ಜನಸಂಖ್ಯೆಯೇ ಬೇರೆ. ಆ ಕಲ್ಲನ್ನು ಈಗ ನಾವು ನೋಡುವುದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ.

ಅಮೆರಿಕದ ಹುಡುಗ

ಪರದೆಯ ಮೇಲಿನ ಅಮೆರಿಕದ ಹುಡುಗನ ಸ್ಥಿತಿ ಏಕೆ ಬೇರೆ? ಅಲ್ಲಿ ಬಿಳಿಬಾಲದ ಜಿಂಕೆಗಳ ಸಂಖ್ಯೆ ಕೋಟಿಗಳಲ್ಲಿದೆ. ಅವುಗಳನ್ನು ಮಿತಿಯಲ್ಲಿಡಲು ಪ್ರತಿ ರಾಜ್ಯವೂ ಋತು ಗೊತ್ತುಮಾಡಿ, ತಲೆಗೆ ಇಷ್ಟೆಂದು ಲೆಕ್ಕ ಹಾಕಿ, ಹಣ ಪಡೆದು ಬೇಟೆಗೆ ಅನುಮತಿ ಕೊಡುತ್ತದೆ. ಅನೇಕ ರಾಜ್ಯಗಳಲ್ಲಿ ಮಕ್ಕಳು ಸುರಕ್ಷತೆಯ ಪಾಠ ಕಲಿತು ಪ್ರಮಾಣಪತ್ರ ಪಡೆಯಬೇಕು, ಹಿರಿಯರು ಪಕ್ಕದಲ್ಲಿರಬೇಕು. ಅಲ್ಲಿ ನೆಲೆಸಿದ ಕನ್ನಡ ಕುಟುಂಬದ ಮಗು ನೆರೆಮನೆಯ ಗೆಳೆಯನೊಡನೆ ಹೋಗಬಯಸಿದರೆ ಅದು ಆ ರಾಜ್ಯದ ಕಾನೂನಿನ ಪ್ರಶ್ನೆ.

ಆದರೆ ಅಲ್ಲಿಯ ತಂದೆತಾಯಿಗಳು ಮಗುವಿನ ಮೊದಲ ಕೋವಿಯನ್ನು ಆರಿಸುವ ರೀತಿಯಲ್ಲಿ ನಮಗೂ ಬೇಕಾದ ವಿವೇಕ ಸ್ವಲ್ಪ ಇದೆ. ಅವರು ಮೊದಲು ನೋಡುವುದು ಗುಂಡಿನ ಬಲವನ್ನಲ್ಲ, ಮಗುವಿನ ತೋಳನ್ನು. ಭುಜಕ್ಕೆ ಒತ್ತುವ ಹಿಡಿಯ ತುದಿಯಿಂದ ಟ್ರಿಗರಿನವರೆಗಿನ ಅಳತೆ ದೊಡ್ಡವರ ಕೋವಿಯಲ್ಲಿ ಸುಮಾರು ಹದಿನಾಲ್ಕು ಅಂಗುಲವಿರುತ್ತದೆ. ಮಗುವಿಗೆ ಅದು ಉದ್ದವಾದರೆ ಕತ್ತು ಚಾಚಿ, ಬೆನ್ನು ಹಿಂದಕ್ಕೆ ಬಾಗಿಸಿ ನಿಲ್ಲುತ್ತದೆ, ಗುರಿ ಕೆಡುತ್ತದೆ. ಎರಡನೆಯದು ತೂಕ. ಮೂರನೆಯದು ಹಿನ್ನೂಕು: ಭುಜಕ್ಕೆ ಬಲವಾಗಿ ಒದೆಯುವ ಕೋವಿ ಮಗುವಿಗೆ ಕಲಿಸುವುದು ಗುರಿಯನ್ನಲ್ಲ, ಕಣ್ಣು ಮುಚ್ಚಿ ಟ್ರಿಗರ್ ಎಳೆಯುವ ಭಯವನ್ನು. ನಮ್ಮಲ್ಲಿ ಸಾಮಾನ್ಯವಾದ 12 ಬೋರಿನ ಜೋಡುನಳಿಗೆ ಕೋವಿ ಈ ಮೂರರಲ್ಲಿಯೂ ಮಗುವಿಗೆ ಒಗ್ಗದ್ದು. ಈ ಅಳತೆಗೋಲುಗಳು ಕಾಡಿಗೆ ಬಾರದಿದ್ದರೂ ಗುರಿಯ ಕ್ರೀಡೆಗೆ ಹಾಗೆಯೇ ಬರುತ್ತವೆ.

ಕಾಗದದ ಮೇಲಿನ ಗುರಿ

ಆಯುಧ ಕಾಯಿದೆ ಮಕ್ಕಳಿಗೆ ತೆರೆದಿಟ್ಟಿರುವ ಬಾಗಿಲು ಒಂದೇ, ತರಬೇತಿಯದು. 9ನೆಯ ಕಲಮಿನ ಎರಡನೆಯ ಭಾಗವೂ 2016ರ ಆಯುಧ ನಿಯಮಗಳೂ 12 ವರ್ಷ ದಾಟಿದ ಮಕ್ಕಳು ಹಿರಿಯರ ನೇರ ಮೇಲ್ವಿಚಾರಣೆಯಲ್ಲಿ, ಗುರಿಯ ಕ್ರೀಡೆಯ ಅಭ್ಯಾಸಕ್ಕಾಗಿ ಗೊತ್ತಾದ ಬಂದೂಕುಗಳನ್ನು ಬಳಸಲು ಅವಕಾಶ ಕೊಡುತ್ತವೆ. ಶಾಲೆಯಲ್ಲಿ ಎನ್‌ಸಿಸಿ ಇದ್ದರೆ 13 ವರ್ಷದಿಂದ ಜೂನಿಯರ್ ವಿಭಾಗಕ್ಕೆ ಸೇರಬಹುದು, ಅಲ್ಲಿ.22 ರೈಫಲ್ಲಿನ ಅಭ್ಯಾಸ ದೊರೆಯುತ್ತದೆ, ಖರ್ಚೂ ಇಲ್ಲ. ಬಡ ಕುಟುಂಬದ ಮಗುವಿಗೆ ಇದಕ್ಕಿಂತ ಒಳ್ಳೆಯ ಮೊದಲ ಕೋವಿಯಿಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಎನ್‌ಸಿಸಿ ಇಲ್ಲದ ಕಡೆ ರೈಫಲ್ ಕ್ಲಬ್ಬಿನ ದಾರಿಯಿದೆ. ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಬಳಸುವುದು 4.5 ಮಿಲಿಮೀಟರಿನ ಚರೆ. ಗುರಿಯ ನಟ್ಟನಡುವಿನ ಹತ್ತರ ಚುಕ್ಕೆ ಅರ್ಧ ಮಿಲಿಮೀಟರಿನದು. ಬೇಟೆಗಾರ ಗುಂಡು ತಾಗಿತೋ ಇಲ್ಲವೋ ಎಂದಷ್ಟೇ ನೋಡುತ್ತಾನೆ. ಇಲ್ಲಿ ಮಗು ತನ್ನ ಉಸಿರನ್ನು, ನಾಡಿಯನ್ನು, ನಿಲುವನ್ನು ಅರಿಯುತ್ತದೆ. 2008ರಲ್ಲಿ ಅಭಿನವ್ ಬಿಂದ್ರಾ ಒಲಿಂಪಿಕ್ಸ್ ಚಿನ್ನ ತಂದದ್ದು ಈ ಸ್ಪರ್ಧೆಯಲ್ಲಿ. ಎರಡು ಒಲಿಂಪಿಕ್ಸ್‌ಗಳಲ್ಲಿ ಸ್ಪರ್ಧಿಸಿದ ಇಳವೇನಿಲ್ ವಾಳರಿವನ್ ಹುಟ್ಟಿದ್ದು ತಮಿಳುನಾಡಿನ ಕಡಲೂರಿನಲ್ಲಿ. 2024ರಲ್ಲಿ ಪ್ಯಾರಿಸ್ಸಿನಲ್ಲಿ 50 ಮೀಟರ್ ರೈಫಲ್ಲಿನ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ, 2010ರಲ್ಲಿ ವಿಶ್ವ ಚಾಂಪಿಯನ್ ಆದ ತೇಜಸ್ವಿನಿ ಸಾವಂತ್, ಇಬ್ಬರೂ ಬೆಳಗಾವಿಗೆ ಹೊಂದಿಕೊಂಡ ಕೊಲ್ಲಾಪುರದ ಕಡೆಯವರು. ಹೆಣ್ಣುಮಕ್ಕಳ ತಂದೆತಾಯಿಗಳು ಈ ಹೆಸರುಗಳನ್ನು ಗಮನಿಸಬೇಕು. ಅಜ್ಜನ ಕೋವಿಯ ಕಥೆಯಲ್ಲಿ ಹೆಣ್ಣುಮಗುವಿಗೆ ಎಂದೂ ಜಾಗವಿರಲಿಲ್ಲ.

4.5 ಮಿಲಿಮೀಟರ್ ಮೀರದ ನಳಿಗೆಯ, 20 ಜೂಲ್ ಮೀರದ ಶಕ್ತಿಯ ಏರ್ ರೈಫಲ್ಲಿಗೆ ಪರವಾನಗಿ ಬೇಡ. ಇದೇ ಕಾರಣಕ್ಕೆ ಅದನ್ನು ಆಟಿಕೆಯೆಂದು ಬಗೆಯುವವರಿದ್ದಾರೆ. ಚರೆ ಕಣ್ಣಿಗೆ ತಾಗಿದರೆ ಕಣ್ಣು ಹೋಗುತ್ತದೆ. ಹಿತ್ತಿಲ ಗಿಣಿಗೋ ನವಿಲಿಗೋ ಹೊಡೆದರೆ ಅದೂ ಬೇಟೆಯೇ; ನವಿಲಂತೂ ಮೊದಲನೆಯ ಪಟ್ಟಿಯದು. ಅರುಣಾಚಲ ಪ್ರದೇಶದಲ್ಲಿ 2021ರಲ್ಲಿ ಏರ್‌ಗನ್ನುಗಳನ್ನು ಸರಕಾರಕ್ಕೆ ಒಪ್ಪಿಸುವ ಅಭಿಯಾನವೇ ನಡೆಯಿತು. ಹಕ್ಕಿಗಳಿಲ್ಲದೆ ಕಾಡು ಮೌನವಾಗಿತ್ತೆಂಬುದು ಅದಕ್ಕೆ ಕಾರಣ. ಆದ್ದರಿಂದ ಮಗುವಿಗೆ ಏರ್ ರೈಫಲ್ ಕೊಳ್ಳುವ ಮೊದಲು ಆರು ತಿಂಗಳು ಕ್ಲಬ್ಬಿನದನ್ನೇ ಬಳಸಲಿ. ಆಸಕ್ತಿ ಉಳಿದರೆ ಕೊಳ್ಳಬಹುದು. ಆಗಲೂ ಅದು ಬೀಗ ಹಾಕಿದ ಪೆಟ್ಟಿಗೆಯಲ್ಲಿರಲಿ, ಕೀಲಿ ದೊಡ್ಡವರ ಬಳಿಯಿರಲಿ, ಬಿಲ್ಲು ಜೋಪಾನವಾಗಿರಲಿ.

ಅಜ್ಜನ ಕೋವಿ

ಕೊನೆಗೆ ಅಟ್ಟದ ಮೇಲಿನ ಕೋವಿ. ಮಕ್ಕಳಿರುವ ಮನೆಯಲ್ಲಿ ನಿಜವಾದ ಅಪಾಯ ಅಂಗಡಿಯ ಹೊಸ ಕೋವಿಯಲ್ಲ, ಇದು. ಪರವಾನಗಿದಾರ ತೀರಿಕೊಂಡ ದಿನದಿಂದ ಆ ಕೋವಿಯನ್ನು ಮನೆಯವರು ಇಟ್ಟುಕೊಳ್ಳುವುದು ಕಾನೂನುಬದ್ಧವಲ್ಲ. ಕಾಯಿದೆಯ 21ನೆಯ ಕಲಮಿನಂತೆ ಅನಾವಶ್ಯಕ ವಿಳಂಬವಿಲ್ಲದೆ ಅದನ್ನು ಹತ್ತಿರದ ಪೊಲೀಸ್ ಠಾಣೆಗೋ ಪರವಾನಗಿ ಪಡೆದ ಬಂದೂಕು ವ್ಯಾಪಾರಿಗೋ ಒಪ್ಪಿಸಬೇಕು. ತಿಥಿ ಮುಗಿಯಲಿ, ಆಸ್ತಿ ಪಾಲಾಗಲಿ ಎಂದು ವರ್ಷಗಟ್ಟಲೆ ಕಾಯುವುದು ಸಾಮಾನ್ಯ. ಆದರೆ ಆ ಕಾಲವೆಲ್ಲ ಕೋವಿ ಇರುವ ಮನೆಯ ಯಜಮಾನ ಅಪರಾಧಿಯಾಗಿಯೇ ಇರುತ್ತಾನೆ.

ಅಜ್ಜ ಬದುಕಿದ್ದು 70 ದಾಟಿದ್ದರೆ, ಅಥವಾ ಆ ಕೋವಿಯನ್ನು 25 ವರ್ಷ ಇಟ್ಟುಕೊಂಡಿದ್ದರೆ, ತನ್ನ ವಾರಸುದಾರನ ಹೆಸರಿಗೆ ಪರವಾನಗಿ ಕೊಡುವಂತೆ ಅರ್ಜಿ ಹಾಕಿಸಬಹುದು. ವಾರಸುದಾರನಿಗೆ 21 ತುಂಬಿರಬೇಕು. ಕೋವಿ ನಿರ್ವಹಣೆಯ ತರಬೇತಿಯ ಪ್ರಮಾಣಪತ್ರ, ವೈದ್ಯರ ಪ್ರಮಾಣಪತ್ರ, ಮನೆಯಲ್ಲಿ ಭದ್ರವಾಗಿ ಇಡುವ ವ್ಯವಸ್ಥೆ ಬೇಕು. 2019ರಿಂದ ಒಬ್ಬನಿಗೆ ಎರಡಕ್ಕಿಂತ ಹೆಚ್ಚು ಬಂದೂಕು ಇಲ್ಲ, ಪರವಾನಗಿಯ ಅವಧಿ 5 ವರ್ಷ. ಹತ್ತು ಕಿಲೋಮೀಟರಿನ ವೃತ್ತದೊಳಗಿನ ಹಳ್ಳಿಯಾದರೆ ವನ್ಯಜೀವಿ ಪಾಲಕರ ಸಮ್ಮತಿಯ ಪ್ರಶ್ನೆಯೂ ಏಳಬಹುದಾದ್ದರಿಂದ ಜಿಲ್ಲಾಧಿಕಾರಿಯ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಕ್ಷೇಮ.

ಠಾಣೆಗೆ ಒಯ್ಯುವಾಗ ಕೋವಿಯನ್ನು ಬರಿದುಮಾಡಿ, ಬಟ್ಟೆಯಲ್ಲಿ ಸುತ್ತಿ, ಉಳಿದ ತೋಟೆಗಳನ್ನು ಬೇರೆ ಕಟ್ಟಿ, ಪರವಾನಗಿ ಪುಸ್ತಕವನ್ನೂ ಮರಣ ಪ್ರಮಾಣಪತ್ರದ ಪ್ರತಿಯನ್ನೂ ಜೊತೆಗೆ ಕೊಂಡೊಯ್ಯಬೇಕು. ಹಳೆಯ ಕೇಪಿನ ಕೋವಿಯೊಳಗೆ ಮದ್ದು ತುಂಬಿಯೇ ಇರಬಹುದಾದ್ದರಿಂದ, ಅನುಮಾನವಿದ್ದರೆ ಮನೆಯಲ್ಲಿ ಮುಟ್ಟದೆ ಠಾಣೆಯವರನ್ನೇ ಕರೆಯಬೇಕು. ಕೋವಿಯ ನಂಬರ್, ನಳಿಗೆಯ ಅಳತೆ, ತೋಟೆಗಳ ಎಣಿಕೆ ನಮೂದಾದ ರಸೀದಿಯನ್ನು ಅಲ್ಲಿಯೇ ಕೇಳಿ ಪಡೆದು, ಮನೆಯ ಪಟ್ಟೆ-ಪತ್ರಗಳ ಜೊತೆ ಇಡಬೇಕು.